ಸೀರೋಸ್ ದ್ವೀಪದಲ್ಲಿ ತಲೆಕೆಳಗು

ದೇವರು ಎಲ್ಲ ದೇಶದವರಿಗೂ ಕುತ್ತಿಗೆ ಜೋಡಿಸುತ್ತ ಬಂದು, ನಮ್ಮ ಬಲ್ಗೇರಿಯಾ ತಲುಪುವ ಹೊತ್ತಿಗೆ ಸುಸ್ತಾಗಿ ತಿರುಪುಗಳನ್ನು ಉಲ್ಟಾ ತಿರುಗಿಸಿಬಿಟ್ಟ ಎಂದು ನನ್ನ ಬಲವಾದ ನಂಬಿಕೆ. ನಾವು ‘ಹೌದು’ ಎನ್ನಲು ತಲೆಯನ್ನು ಅತ್ತಿತ್ತ ಆಡಿಸುತ್ತೇವೆ. ‘ಇಲ್ಲ’ ಎನ್ನಲು ಮೇಲೆ ಕೆಳಗೆ. ಊರಲ್ಲಿರುವಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ನನ್ನ ಗಂಡ ವೆಲ್ಕೋ ಹನ್ನೊಂದು ವರ್ಷದಿಂದ “ಬಾಲ್ಕನಿಯಲ್ಲಿ ಪಾರಿವಾಳ ಸಾಕಲಾ?” ಎಂದು ಕೇಳುತ್ತಿದ್ದಾನೆ. ನಾನು ಹನ್ನೊಂದು ವರ್ಷದಿಂದ ಮೇಲೆ ಕೆಳಗೆ ಆಡಿಸುತ್ತಿದ್ದೇನೆ. ಸಂಸಾರ ಸುಖವಾಗಿತ್ತು.

ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಹಡಗು ಹತ್ತಿದೆವು ನೋಡಿ, ಅಲ್ಲಿಂದ ಶುರು. ಮೂರನೆಯ ದಿನ ಹಡಗು ಗ್ರೀಕರ ಸೀರೋಸ್ ದ್ವೀಪದಲ್ಲಿ ನಿಂತಿತು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನೆಲದ ಮೇಲೆ ಓಡಾಡಲು ಅಪ್ಪಣೆ. ಐದಕ್ಕೆ ಏಣಿ ಎತ್ತುತ್ತಾರೆ. ನಾನಂತೂ ಬೆಳಗಿನ ಆರು ಗಂಟೆಗೇ ಟೋಪಿ ಹಾಕಿಕೊಂಡು ಕೂತಿದ್ದೆ. ಮೂರು ವಾರ ಕೈಪುಸ್ತಕ ಉರುಹೊಡೆದು ಗ್ರೀಕ್ ಕಲಿತಿದ್ದೆ ಬೇರೆ.

ಗ್ರೀಕರ ಕುತ್ತಿಗೆ ಉಳಿದ ಲೋಕದ ಹಾಗೇ ಇದೆ: ಮೇಲೆ ಕೆಳಗೆ ಅಂದರೆ ಹೌದು. ಅದು ಸಾಲದು ಎಂಬಂತೆ, ನಮ್ಮಲ್ಲಿ ‘ನೆ’ ಅಂದರೆ ಇಲ್ಲ; ಅವರಲ್ಲಿ ‘ನೆ’ ಅಂದರೆ ಹೌದು. (ನೆರೆಯವರು ಅಂದರೆ ಹೀಗಿರಬೇಕು. ‘ನೆ’ಯಲ್ಲೇ ಕಲಹ.) ಹಾಗಾಗಿ ತಿಂಡಿ ಮೇಜಿನ ಕಾಗದದ ಕರವಸ್ತ್ರದ ಮೇಲೆ ಒಂದು ರಾಜಶಾಸನ ಹೊರಡಿಸಿದೆ: ‘ಪ್ಲೋವ್ದಿವ್‌ನ ನಮ್ಮ ಮನೆಯ ಹೊಸ್ತಿಲು ದಾಟುವ ತನಕ ದೊಂಕಾ ಮತ್ತು ವೆಲ್ಕೋ ಇವರ ತಲೆಗಳು ಗ್ರೀಕ್ ಕಾನೂನಿಗೆ ಒಳಪಟ್ಟಿರತಕ್ಕದ್ದು.’ ನಾನು ಸಹಿ ಹಾಕಿ, ಅವನಿಂದಲೂ ಹಾಕಿಸಿದೆ.

“ಐವತ್ತೈದು ವರ್ಷ ಹೀಗೇ ಆಡಿಸಿದೀನಿ ಕಣೇ. ಈಗ ತಿರುಗಿಸಿದ್ರೆ ಕುತ್ತಿಗೆ ಉಳುಕುತ್ತೆ,” ಎಂದ ವೆಲ್ಕೋ.

“ಒಳಗೇನೂ ಭಾರ ಇಲ್ವಲ್ಲ, ಸುಲಭವಾಗಿ ತಿರುಗುತ್ತೆ,” ಎಂದೆ.

ಅವನು ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಹಡಗಿಳಿದ ಕಾಲು ಗಂಟೆಯಲ್ಲೇ ಆಸಾಮಿ ಕಾನೂನು ಮುರಿದ. ಬಂದರಿನ ಮಿಠಾಯಿ ಅಂಗಡಿಯಲ್ಲಿ ಗುಲಾಬಿ ಪರಿಮಳದ ಲೋಕುಮ್ ಒಂದು ಡಬ್ಬಿ ಕೊಂಡೆವು. “ಇನ್ನೊಂದು?” ಎಂದಳು ಅಂಗಡಿಯವಳು. “ನೆ,” ಎಂದ ನನ್ನ ಗಂಡ. ಅವಳು ಇನ್ನೊಂದು ಇಟ್ಟಳು. ಗಾಬರಿಯಿಂದ “ನೆ, ನೆ, ನೆ,” ಎಂದ. ಅವಳು ಖುಷಿಯಿಂದ ಮೂರು ಇಟ್ಟಳು. ನಾನು ಬಾಯಿ ಮುಚ್ಚಿಸುವಷ್ಟರಲ್ಲಿ ಏಳು ಡಬ್ಬಿ ಆಗಿತ್ತು.

“ನೋಡಿದ್ಯಾ? ಇನ್ಮೇಲೆ ಮಾತುಕತೆ ಎಲ್ಲಾ ನಂದು,” ಎಂದು ಅಪ್ಪಣೆ ಕೊಡಿಸಿದೆ.

ಟ್ಯಾಕ್ಸಿ ಹಿಡಿದು ದ್ವೀಪದ ಆಚೆ ಬದಿಯ ಕಿನಿ ಕಡಲತೀರಕ್ಕೆ ಹೊರಟೆವು. ಚಾಲಕ ಸ್ತಮಾತಿಸ್, ಪೊದೆಮೀಸೆಯವನು, ನನ್ನನ್ನು “ಕಿರಿಯಾ” ಎಂದು ಕರೆದ. ಗ್ರೀಕರು ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ಇದಕ್ಕಿಂತ ಸಭ್ಯ ಭಾಷೆ ಬೇರೊಂದಿದೆಯೇ? ದಾರಿಯುದ್ದಕ್ಕೂ ನಾವು ಹಿಂದೆ ಕೂತು ಲೋಕುಮ್ ವಿಷಯವಾಗಿ ಅಪ್ಪಟ ಬಲ್ಗೇರಿಯನ್‌ನಲ್ಲಿ ಜಗಳವಾಡಿದೆವು. ಇಳಿಯುವಾಗ ಅವನು ಗ್ರೀಕ್‌ನಲ್ಲಿ, “ನಾಲ್ಕಕ್ಕೆ ಕರಕೊಂಡು ಹೋಗೋಕೆ ಬರ್ಲಾ, ಕಿರಿಯಾ?” ಎಂದು ಕೇಳಿದ. ನಾನು ಗಂಡನಿಗೆ ಪಾಠವಾಗಲೆಂದು ದೊಡ್ಡದಾಗಿ ತಲೆಯನ್ನು ಮೇಲೆ ಕೆಳಗೆ ಆಡಿಸಿ, “ನೆ,” ಎಂದೆ. ಅವನು ಮೀಸೆಯಲ್ಲೇ ನಕ್ಕು ಹೊರಟುಹೋದ.

ಆಹಾ, ಆ ನೀರು. ಆ ಬಿಸಿಲು. ಸುಟ್ಟ ಮೀನಿಗೆ ನಿಂಬೆ ಹಿಂಡಿಕೊಂಡು ತಿಂದದ್ದೇನು, ಐವತ್ತೆರಡರ ನಾನು ಅಲೆಗಳಲ್ಲಿ ಹುಡುಗಿಯ ಹಾಗೆ ಕುಣಿದದ್ದೇನು. ಮೂವತ್ತು ವರ್ಷದಲ್ಲಿ ಮೊದಲ ಸಲ ಅರ್ಧ ದಿನ ಜಗಳವಾಡಲಿಲ್ಲ.

ನಾಲ್ಕಾಯಿತು. ಸ್ತಮಾತಿಸ್ ಬರಲಿಲ್ಲ. ನಾಲ್ಕೂಕಾಲಾಯಿತು. ನಮ್ಮ ಬಟ್ಟೆ, ಪಾಸ್‌ಪೋರ್ಟು, ವೆಲ್ಕೋನ ಬಿ.ಪಿ. ಮಾತ್ರೆ ಎಲ್ಲ ಹಡಗಿನಲ್ಲಿ. ಕೈಯಲ್ಲಿದ್ದದ್ದು ಏಳು ಡಬ್ಬಿ ಲೋಕುಮ್.

“ನೀನು ಅವನಿಗೆ ಸರಿಯಾಗಿ ಹೇಳಿದ್ಯಾ?” ಎಂದ ವೆಲ್ಕೋ.

“ಪುಸ್ತಕದಲ್ಲಿದ್ದ ಹಾಗೇ ಹೇಳಿದೀನಿ.”

“ಅವನು ಆ ಪುಸ್ತಕ ಓದಿಲ್ವೇನೋ.”

ನಾಲ್ಕೂವರೆಗೆ ಮೀನಿನ ವ್ಯಾನೊಂದು ಬಂತು. ರಸ್ತೆಗೆ ಅಡ್ಡ ನಿಂತೆ. ಮುಂದೆ ಇದ್ದದ್ದು ಒಂದೇ ಸೀಟು. ಅದು ವೆಲ್ಕೋನ ಸೊಂಟನೋವಿನ ಪಾಲಾಯಿತು. ನಾನು ಹಿಂದೆ, ಬುಟ್ಟಿಗಳ ನಡುವೆ. ತಿರುವು ಬಂದಾಗಲೆಲ್ಲ ಎಂಟು ತೋಳಿನ ಪ್ರಾಣಿಯೊಂದು ನನ್ನ ಹೆಗಲ ಮೇಲೆ ಬಿದ್ದು ಸಮಾಧಾನ ಹೇಳುತ್ತಿತ್ತು; ಎರಡು ತೋಳಿನ ಪ್ರಾಣಿ ಮುಂದೆ ಕೂತು ಲೋಕುಮ್ ತಿನ್ನುತ್ತಿತ್ತು.

ಐದಕ್ಕೆ ನಾಲ್ಕು ನಿಮಿಷವಿರುವಾಗ ಬಂದರು ತಲುಪಿದೆವು. ಹಡಗಿನ ಏಣಿಯ ಪಕ್ಕದಲ್ಲೇ ಟ್ಯಾಕ್ಸಿಗೆ ಒರಗಿ ನಿಂತಿದ್ದ, ಸ್ತಮಾತಿಸ್.

“ಯಾಕಯ್ಯಾ ಬರಲಿಲ್ಲ?” ಎಂದು ಗ್ರೀಕ್ ಮರೆತು ನಮ್ಮ ಭಾಷೆಯಲ್ಲೇ ಗದರಿದೆ.

ಅವನು ಸೊಗಸಾದ ಬಲ್ಗೇರಿಯನ್‌ನಲ್ಲಿ ಉತ್ತರಿಸಿದ: “ಹದಿನಾರು ವರ್ಷ ನಿಮ್ಮ ಸೋಫಿಯಾಕ್ಕೆ ಲಾರಿ ಓಡಿಸಿದೀನಿ, ಕಿರಿಯಾ. ನೀವು ಬಲ್ಗೇರಿಯಾದವರು ಅಂತ ಜಗಳದಲ್ಲೇ ಗೊತ್ತಾಯ್ತು. ಬರ್ಲಾ ಅಂದೆ. ನೀವು ‘ನೆ’ ಅಂದ್ರಿ, ತಲೇನೂ ಮೇಲೆ ಕೆಳಗೆ ಆಡಿಸಿದ್ರಿ. ಬೇಡ ಅಂತ ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ.”

ವೆಲ್ಕೋ ನಗಲಿಲ್ಲ. ಅದೇ ಭಯವಾದದ್ದು. ಏಣಿಯ ಮೊದಲ ಮೆಟ್ಟಿಲ ಮೇಲೆ ನಿಂತು, ಬಲು ಮೆತ್ತಗೆ, “ದೊಂಕಾ, ಬಾಲ್ಕನಿಯಲ್ಲಿ ಪಾರಿವಾಳ ಸಾಕಲಾ?” ಎಂದು ಕೇಳಿದ.

ಮೈಯೆಲ್ಲ ಮೀನು ವಾಸನೆ, ತಲೆಯೆಲ್ಲ ಬಿಸಿ. ಹನ್ನೊಂದು ವರ್ಷದ ಅಭ್ಯಾಸ ಬೇರೆ. ಜೋರಾಗಿ ಮೇಲೆ ಕೆಳಗೆ ಆಡಿಸಿ, “ನೆ,” ಎಂದುಬಿಟ್ಟೆ.

ವೆಲ್ಕೋ ಜೇಬಿನಿಂದ ಕರವಸ್ತ್ರ ತೆಗೆದು ಬಿಡಿಸಿ ಸ್ತಮಾತಿಸ್‌ಗೆ ಓದಿ ಹೇಳಿದ. ಸ್ತಮಾತಿಸ್ ನನ್ನ ಸಹಿ ನೋಡಿದ, ನನ್ನ ಮುಖ ನೋಡಿದ. “ಗ್ರೀಕ್ ಕಾನೂನು ಪ್ರಕಾರ ಇದು ಒಪ್ಪಿಗೇನೇ, ಕಿರಿಯಾ,” ಎಂದು ತೀರ್ಪು ಕೊಟ್ಟ. ಒಂದು ಡಬ್ಬಿ ಲೋಕುಮ್ ಅವನಿಗೆ ಸಂದಾಯವಾಯಿತು.

ಈಗ ನಮ್ಮ ಬಾಲ್ಕನಿಯಲ್ಲಿ ಹದಿನಾಲ್ಕು ಪಾರಿವಾಳಗಳಿವೆ. ಬಟ್ಟೆ ಒಣಹಾಕಲು ಹೋದಾಗಲೆಲ್ಲ ನಾನು ಮೆತ್ತಗೆ ಕೇಳುತ್ತೇನೆ: “ಬೇರೆ ಎಲ್ಲಾದ್ರೂ ಹೋಗ್ತೀರೇನ್ರಪ್ಪಾ?” ಹದಿನಾಲ್ಕೂ ಸಾಲಾಗಿ ನಡೆಯುತ್ತ, ನನ್ನ ಮುಖವನ್ನೇ ನೋಡುತ್ತ, ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತವೆ.

ಅಪ್ಪಟ ಬಲ್ಗೇರಿಯಾದ ಪಾರಿವಾಳಗಳು.