ಮಾಮಾನ ಮಂಗಳದ ಹವಾ

ನನ್ನ ಸೋದರಮಾವ ಉಗಾರ ಬುದ್ರುಕದಲ್ಲಿ ವಾಸವಾಗಿದ್ದಾನೆ ಎಂದು ಅವನ ಆಧಾರ್ ಕಾರ್ಡು ಹೇಳುತ್ತದೆ. ನಾನು ನಂಬುವುದಿಲ್ಲ. ಬೆಳಿಗ್ಗೆ ಎದ್ದವನೇ ತನ್ನ ಅಂಗಳದ ಆಕಾಶ ನೋಡುವುದು ಬಿಟ್ಟು, ಮಂಗಳ ಗ್ರಹದಲ್ಲಿ ಇವತ್ತು ಥಂಡಿ ಎಷ್ಟು ಎಂದು ಮೊಬೈಲಿನಲ್ಲಿ ಹುಡುಕುವವನನ್ನು ಯಾವ ಊರಿನವನೆನ್ನುವುದು?

ಅಲ್ಲಿ ಇಳಿದು ಕೂತ ಯಂತ್ರವೊಂದು ದಿನದಿನದ ಹವೆ ಅಳೆದು ಕಳಿಸುತ್ತಿತ್ತು. ದ್ರಾಕ್ಷಿ ತೋಟಕ್ಕೆಂದು ಮಳೆಯ ಸುದ್ದಿ ಹುಡುಕುವಾಗ ಮಾಮಾನ ಬೆರಳು ಎಲ್ಲಿ ತಾಗಿತೋ ಏನೋ, ಅದು ಸಿಕ್ಕಿಬಿಟ್ಟಿತು. ಚಹಾದಂಗಡಿಯಲ್ಲಿ ಯಾರಾದರೂ ಮೋಡ ಕವಿದಿದೆ ಎಂದರೆ ಸಾಕು, ಅಲ್ಲಿ ಮಧ್ಯಾಹ್ನ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದದ್ದು ನಸುಕಿನಲ್ಲಿ ಮೈನಸ್ ತೊಂಬತ್ತಕ್ಕೆ ಇಳಿದ ವರದಿ ಒಪ್ಪಿಸುತ್ತಿದ್ದ.

ಮಾಮಾನ ಮಗಳನ್ನು ನೋಡಲು ಹುಡುಗನ ಜೊತೆ ಅಥಣಿಯಿಂದ ಬಂದ ಹಿರಿಯರೊಬ್ಬರು, ಮಾತಿಗೊಂದು ಮಾತು ಎಂದು, ಈ ಸಲ ಬಿಸಿಲು ಜೋರು ಎಂದರು. ಸಿಕ್ಕಿತಲ್ಲ ಅವಕಾಶ!

"ಅಲ್ಲಿ ನಿಂತ್ರ ಕಾಲಿಗೆ ಬ್ಯಾಸಗಿ, ತಲಿಗೆ ಥಂಡಿಕಾಲ ಇರತೈತ್ರಿ" ಎಂದ ಮಾಮಾ.

ನೆಲ ಕಾದರೂ ಅಲ್ಲಿಯ ಗಾಳಿ ತೀರಾ ತೆಳುವು, ಬಿಸಿ ತಲೆಯವರೆಗೆ ಏರುವುದಿಲ್ಲ ಎಂದು ವಿವರಿಸುವಷ್ಟರಲ್ಲಿ ತಟ್ಟೆಯ ಉಪ್ಪಿಟ್ಟು ಆರಿತ್ತು. "ಅಲ್ಲಿ" ಎಂದರೆ ಯಾವ ತಾಲೂಕು ಎಂದು ಹಿರಿಯರು ಮೆಲ್ಲಗೆ ನನ್ನನ್ನು ವಿಚಾರಿಸಿದರು. ಆದರೂ ಸಂಬಂಧ ಕೂಡಿತು. ಹುಡುಗನಿಗೆ ಮಾವನೇ ಮೊದಲು ಹಿಡಿಸಿದ್ದನಂತೆ! ಇಲ್ಲಿ ಮಳೆ ಬಂದರೆ ಒಣಹಾಕಿದ ಬಟ್ಟೆ ತೆಗೆಯದವರಿಗೆ ಅಲ್ಲಿಯ ಉಸಾಬರಿ ಯಾಕೆ ಎಂದು ಮಾಮಿ ಮಾತ್ರ ಗೊಣಗುತ್ತಲೇ ಇದ್ದಳು.

ಒಂದು ಚಳಿಗಾಲದಲ್ಲಿ ಆ ವರದಿ ನಿಂತಿತು. ಬಿಸಿಲಿನಿಂದ ವಿದ್ಯುತ್ ಮಾಡುವ ಫಲಕಗಳ ಮೇಲೆ ಧೂಳು ದಪ್ಪಗೆ ಕೂತು, ಯಂತ್ರ ಸೊರಗಿ ಸೊರಗಿ ಸುಮ್ಮನಾಗಿತ್ತು. ನಾನು ಊರಿಗೆ ಹೋದಾಗ ಮಾಮಾ ದ್ರಾಕ್ಷಿ ಚಪ್ಪರದ ಕೆಳಗೆ ಒಬ್ಬನೇ ಕೂತಿದ್ದ.

"ಒಂದ ಸಲ ನಮ್ಮ ಔಷಧ ಹೊಡಿಯೋ ಬ್ಲೋವರ್ ಹಚ್ಚಿದ್ರ ಧೂಳ ಹಾರಿ ಹೋಗತಿತ್ತಪಾ" ಎಂದ. "ಒರಸಾಕ ಒಬ್ಬರೂ ಇಲ್ಲದ ಕಡೆ ಹೋಗಿ ಕೂತಿತ್ತ."

ನಗಬೇಕೆಂದುಕೊಂಡೆ, ಆಗಲಿಲ್ಲ.

ಆಮೇಲೆ ಮಾಮಾ ಹವೆಯ ಮಾತೇ ಬಿಟ್ಟ. ಚಹಾದಂಗಡಿಗೆ ಹೋಗುವುದೂ ಕಡಿಮೆಯಾಯಿತು. ಊಟದಲ್ಲಿ ರೊಟ್ಟಿ ಮುರಿದು ಹಾಗೇ ಕೂತಿರುತ್ತಿದ್ದನಂತೆ. ಒಂದು ಸಂಜೆ ಮಾಮಿ ನನಗೆ ಫೋನು ಮಾಡಿದಳು. "ಮನಿ ಬಣಬಣ ಅನ್ನಾಕತ್ತೈತಿ. ಅಲ್ಲಿ ಇನ್ನೊಂದರ ಯಂತ್ರ ಐತೇನ ನೋಡ" ಎಂದಳು. ಇತ್ತು. ಬೇರೊಂದು ಯಂತ್ರ ಇನ್ನೂ ಹವೆ ಕಳಿಸುತ್ತಿತ್ತು. ಅದನ್ನು ಎಲ್ಲಿ ನೋಡಬೇಕೆಂದು ತಿಳಿಸಿ, ಅಂದಿನ ಸುದ್ದಿಯನ್ನೂ ಹೇಳಿದೆ.

ಮರುದಿನದ್ದನ್ನು ಮಾಮಿಯೇ ನನಗೆ ಹೇಳಿದ್ದು. ನಾಷ್ಟಾ ಬಡಿಸುತ್ತ, ಯಾರಿಗೋ ಹೇಳುವಂತೆ, ಅಲ್ಲಿ ರಾತ್ರಿ ಭಾಳ ಥಂಡಿ ಆಗಿತ್ತಂತೆ ಎಂದಳಂತೆ. ಮಾಮಾ ತಲೆ ಎತ್ತಿದ. ಎಷ್ಟು ಡಿಗ್ರಿ ಎಂದು ಕೇಳಿದ.

"ಅದೆಲ್ಲಾ ನನಗೇನ ತಿಳಿತೈತ್ರಿ. ನೀವ ನೋಡಿ ಹೇಳ್ರಿ" ಎಂದು ಮಾಮಿ ಅವನ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಮುಂದೆ ಇಟ್ಟಳು.