ಹನ್ನೆರಡನೇ ತಾರೀಖಿನೊಳಗೆ ಹುಟ್ಟಿದವರಿಗೆ ಮಾತ್ರ

ಯಾವುದೇ ತಿಂಗಳ ಹದಿಮೂರನೇ ತಾರೀಖಿಗೆ ಅಥವಾ ಅದರ ನಂತರ ಹುಟ್ಟಿದವರಿಗೆ ನಮ್ಮಲ್ಲಿ ಅಫಿಡವಿಟ್ಟಿಲ್ಲದೆ ಕಾಯಿಲೆ ಬೀಳಲು ಅವಕಾಶವಿಲ್ಲ. ಈ ಶಿಸ್ತು ಜಾರಿಗೆ ಬಂದದ್ದು ನಮ್ಮ ಕಂಪನಿಯ ರೋಗಿ ನೋಂದಣಿ ತಂತ್ರಾಂಶದಿಂದ ಎಂಬುದನ್ನು ಹೆಮ್ಮೆಯಿಂದ ದಾಖಲಿಸುತ್ತಿದ್ದೇನೆ.

ತಂತ್ರಾಂಶ ಹಾಕಿಕೊಟ್ಟ ಮೊದಲ ದಿನವೇ ದೊಡ್ಡಾಸ್ಪತ್ರೆಯ ಹಿರಿಯ ನರ್ಸ್ ಫೋನ್ ಮಾಡಿದರು. ಉಬ್ಬಸದಿಂದ ಬಂದ ವಯಸ್ಸಾದ ಬಡಗಿಯೊಬ್ಬರನ್ನು ಕಂಪ್ಯೂಟರ್ ಸೇರಿಸಿಕೊಳ್ಳುತ್ತಿಲ್ಲ. ಅವರು ಹುಟ್ಟಿದ್ದು ಇಪ್ಪತ್ತಮೂರನೇ ತಾರೀಖು. ಪರದೆಯ ಮೇಲೆ 'ಇಂಥ ವ್ಯಕ್ತಿ ಇರಲು ಸಾಧ್ಯವಿಲ್ಲ' ಎಂದು ಬರುತ್ತಿದೆ.

"ಇದಾರಲ್ಲ ಸ್ವಾಮಿ! ಬೆಂಚಿನ ಮೇಲೆ ಕೂತು ಏದುಸಿರು ಬಿಡ್ತಿದಾರೆ," ಎಂದರು ನರ್ಸ್.

ನಮ್ಮ ಪ್ರೋಗ್ರಾಮರ್ ಹುಡುಗಿ ಮಧ್ಯಾಹ್ನವೇ ಹೋಗಿ ನೋಡಿ ಬಂದಳು. ನಮ್ಮ ಕಂಪ್ಯೂಟರುಗಳು ತಾರೀಖನ್ನು ಮೊದಲು, ತಿಂಗಳನ್ನು ಆಮೇಲೆ ಓದುತ್ತವೆ, ಆಸ್ಪತ್ರೆಯವು ತಿರುವುಮುರುವು. ಹೀಗಾಗಿ ಬಡಗಿ ವರ್ಷದ ಇಪ್ಪತ್ತಮೂರನೇ ತಿಂಗಳಲ್ಲಿ ಹುಟ್ಟಿದಂತಾಗಿತ್ತು. ಅಲ್ಲಿನ ಕಂಪ್ಯೂಟರುಗಳನ್ನೇ ಬದಲಿಸೋಣವೆಂದರೆ ಔಷಧ ವಿಭಾಗದ ಬೇರೆ ತಂತ್ರಾಂಶ ಕೆಡುತ್ತಿತ್ತು.

"ನಮ್ಮದರಲ್ಲೇ ಒಂದು ಸಾಲು ತಿದ್ದಿದ್ರೆ ಸರಿಹೋಗುತ್ತೆ ಸರ್. ಹತ್ತು ನಿಮಿಷದ ಕೆಲಸ," ಎಂದಳು.

ನಮ್ಮ ವ್ಯವಸ್ಥಾಪಕರು ಕನ್ನಡಕ ತೆಗೆದರು. "ನಮ್ಮ ಆಫೀಸಿನ ಕಂಪ್ಯೂಟರಲ್ಲಿ ನಡೀತಿದೆಯೋ ಇಲ್ವೋ?"

"ನಡೀತಿದೆ."

"ಸರಿಯಿರೋದನ್ನ ಸರಿ ಮಾಡೋಕೆ ಹೋದ್ರೆ ತಪ್ಪಿತ್ತು ಅಂತ ನಾವೇ ಒಪ್ಪಿಕೊಂಡ ಹಾಗಾಗಲ್ವೇನಮ್ಮ?"

"ಆ ತಾತನಿಗೆ ಉಸಿರು ಸಿಗ್ತಿಲ್ಲ ಸರ್."

"ಉಸಿರು ನಮ್ಮ ಒಪ್ಪಂದದಲ್ಲಿಲ್ಲ."

ಸಂಜೆಯೊಳಗೆ ಸುತ್ತೋಲೆ ಹೊರಟಿತು. ಬರೆದವನು ನಾನೇ. 'ಗ್ರಾಹಕರ ಗಣಕಯಂತ್ರಗಳ ವೈಯಕ್ತಿಕ ಅಭ್ಯಾಸಗಳಿಗೆ ಕಂಪನಿಯು ಹೊಣೆಯಾಗುವುದಿಲ್ಲ. ರೋಗಿಗಳು ತಂತ್ರಾಂಶಕ್ಕೆ ಒಪ್ಪುವ ಜನ್ಮದಿನಾಂಕದೊಂದಿಗೆ ಹಾಜರಾಗತಕ್ಕದ್ದು.' ಆಸ್ಪತ್ರೆಯ ಅಧೀಕ್ಷಕರು ಎರಡು ಸಲ ಓದಿ, ಭಾಷೆ ಗಂಭೀರವಾಗಿದೆ ಎಂದು ಮೆಚ್ಚಿ, ಬಾಗಿಲಿಗೆ ಅಂಟಿಸಿದರು.

ತಂದೆ ಹುಟ್ಟಿದ್ದು ಹನ್ನೊಂದಕ್ಕೆ ಎಂದು ಅಫಿಡವಿಟ್ಟು ತರುವಂತೆ ಬಡಗಿಯ ಮಗಳಿಗೆ ಹೇಳಲಾಯಿತು.

"ಅಪ್ಪ ಹುಟ್ಟಿದ್ದು ಇಪ್ಪತ್ತಮೂರಕ್ಕೇ ಸ್ವಾಮಿ. ನಮ್ಮಜ್ಜಿ ಹೇಳ್ತಿದ್ರು."

"ಆಗ ಈ ತಂತ್ರಾಂಶ ಇರಲಿಲ್ಲಮ್ಮ," ಎಂದರು ಆಸ್ಪತ್ರೆಯ ಗುಮಾಸ್ತರು, ಸಮಾಧಾನವಾಗಿ. "ಗೊತ್ತಿದ್ದಿದ್ರೆ ಅವರೂ ಸ್ವಲ್ಪ ಬೇಗ ಹೆರ್ತಿದ್ರು."

ಮೂರನೇ ದಿನ ಅಫಿಡವಿಟ್ಟು ಬಂತು, ಬಡಗಿಯನ್ನು ಒಳಗೆ ಸೇರಿಸಿಕೊಂಡರು. ಅಷ್ಟರಲ್ಲಿ ಅವರ ಮಾತು ನಿಂತಿದ್ದರಿಂದ ಹೊಸ ಜನ್ಮದಿನದ ಬಗ್ಗೆ ಯಾವ ಆಕ್ಷೇಪಣೆಯೂ ದಾಖಲಾಗಲಿಲ್ಲ. ಸಂಜೆ ತೀರಿಕೊಂಡರು. ಅಂದು ತಾರೀಖು ಹದಿನೇಳು. ಯಂತ್ರ ಆ ಮರಣವನ್ನು ಒಪ್ಪಲಿಲ್ಲ. ದಾಖಲೆಯ ಪ್ರಕಾರ ಅವರು ಚೇತರಿಸಿಕೊಳ್ಳುತ್ತಿದ್ದಾರೆ. ಮಗಳು ಪ್ರತಿ ಸೋಮವಾರ ಬಂದು ಮರಣಪತ್ರ ಕೇಳುತ್ತಾಳೆ. ಗುಮಾಸ್ತರು ಧೈರ್ಯ ಹೇಳಿ ಕಳಿಸುತ್ತಾರೆ.

ಆ ತಿಂಗಳು ದೊಡ್ಡಾಸ್ಪತ್ರೆಯ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಅಧೀಕ್ಷಕರಿಗೆ ಸನ್ಮಾನವಾಯಿತು. ಇದನ್ನು ಕಂಡು, ನಮ್ಮ ತಂತ್ರಾಂಶ ಕೊಂಡಿದ್ದ ಉಳಿದ ನಲವತ್ತು ಆಸ್ಪತ್ರೆಗಳು ನಮ್ಮ ಮೇಲೆ ಹರಿಹಾಯ್ದವು. ಅವರ ಕಂಪ್ಯೂಟರುಗಳಲ್ಲಿ ತಂತ್ರಾಂಶ ಸರಿಯಾಗಿ ನಡೆಯುತ್ತಿತ್ತು. ಸತ್ತವರೆಲ್ಲ ಸತ್ತಂತೆಯೇ ದಾಖಲಾಗುತ್ತಿದ್ದರು. ಈ ತಾರತಮ್ಯ ಸಹಿಸಲು ಅವರು ಸಿದ್ಧರಿರಲಿಲ್ಲ.

ವ್ಯವಸ್ಥಾಪಕರು ಪ್ರೋಗ್ರಾಮರನ್ನು ಕರೆದು, ಎಲ್ಲ ಬಗೆಯ ಯಂತ್ರಗಳಲ್ಲೂ ಹೀಗೇ ಆಗುವಂತೆ ಮಾಡಲು ಹೇಳಿದರು. ಆಕೆ ಚೀಲ ಎತ್ತಿಕೊಂಡು ಹೊರಟುಹೋದಳು. ಉಳಿದವರು ಆರು ವಾರ ಕೂತು ಮಾಡಿ ಮುಗಿಸಿದರು. ಈಗ ನಮ್ಮ ತಂತ್ರಾಂಶ ಯಾವ ಕಂಪ್ಯೂಟರಿಗೆ ಹಾಕಿದರೂ ಒಂದೇ ರೀತಿ ನಡೆಯುತ್ತದೆ.

ಜನರೂ ಒಗ್ಗಿಕೊಂಡಿದ್ದಾರೆ. ಮೊನ್ನೆ ಹದಿನಾಲ್ಕನೇ ತಾರೀಖು ಹೆರಿಗೆ ವಾರ್ಡಿಗೆ ಹೋಗಿದ್ದೆ. ತೊಟ್ಟಿಲಿನಲ್ಲಿ ಕೂಸೊಂದು ಕಿಟಾರನೆ ಕಿರುಚುತ್ತಿತ್ತು. ಅದರ ಅಜ್ಜಿ ಬಾಗಿಲ ಕಡೆ ನೋಡಿ, ತೊಟ್ಟಿಲು ತೂಗುತ್ತ, ಮೆಲ್ಲಗೆ ಗದರುತ್ತಿದ್ದರು:

"ಶ್, ಸುಮ್ಮನಿರೋ ಕಂದ, ಒಂದನೇ ತಾರೀಖಿನವರೆಗೆ ನೀನಿನ್ನೂ ಹುಟ್ಟಿಲ್ಲ."