ಅರ್ಲೀನ್ ಆರಿಸಿದ ಹಿಚ್

ಅರ್ಲೀನ್‌ಗೆ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಂಟುಬಿದ್ದ ಕೆಲಸಗಳೆಲ್ಲ ಒಂದೇ ಮಾತಿನಿಂದ ಬಂದವು: ‘ಕೊಡು ಇಲ್ಲಿ, ನಾನೇ ನೋಡ್ಕೋತೀನಿ.’ ಗಂಡ ಡ್ವೇನ್ ತೆರಿಗೆ ಕಾಗದಗಳನ್ನು ಮುಂದಿಟ್ಟುಕೊಂಡು ನಿಟ್ಟುಸಿರು ಬಿಡುತ್ತಿದ್ದಾಗ ಒಮ್ಮೆ ಹಾಗೆಂದಳು. ಅಂದಿನಿಂದ ತೆರಿಗೆ ಅವಳದು. ಅತ್ತೆಯ ಮಾತ್ರೆ ಡಬ್ಬಿ, ಚರ್ಚಿನ ಶುಕ್ರವಾರದ ಮೀನೂಟ, ಹುಲ್ಲು ಕತ್ತರಿಸುವ ಯಂತ್ರದ ಬೆಲ್ಟು, ಎಲ್ಲವೂ ಹಾಗೇ ಬಂದು ಸೇರಿದವು. ಡ್ವೇನ್ ಕೈಕಟ್ಟಿ ಕೂತವನೇನಲ್ಲ. ಅವಳು ಕಸ ಗುಡಿಸುವಾಗ ಸೋಫಾದ ಮೇಲೆ ಎರಡೂ ಕಾಲು ಎತ್ತಿಕೊಳ್ಳುತ್ತಿದ್ದ. ಅದನ್ನು ಸಹಾಯವೆಂದೇ ನಂಬಿದ್ದ.

ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ದಿನ, ಆ ಮಾತನ್ನು ಇನ್ನು ಬಾಯಿಗೆ ತರುವುದಿಲ್ಲವೆಂದು ಅರ್ಲೀನ್ ಆಣೆ ಮಾಡಿಕೊಂಡಳು.

ಅದೇ ವರ್ಷ ಟ್ರೇಲರ್ ಬಂತು. ಒಲೆ, ಹಾಸಿಗೆ, ಕಕ್ಕಸು ಎಲ್ಲ ಇದ್ದು, ಪಿಕಪ್‌ನ ಹಿಂದೆ ಎಳೆದೊಯ್ಯುವ ಮನೆ. (ಅಂದರೆ ಕಸ ಗುಡಿಸುವುದಕ್ಕೆ ಇನ್ನೊಂದು ನೆಲ.) ಒಳಗಿನದೆಲ್ಲ ಅವಳ ಪಾಲು. ಪಿಕಪ್ಪಿಗೂ ಟ್ರೇಲರಿಗೂ ಗಂಟು ಹಾಕುವ ಹಿಚ್ ಮಾತ್ರ ಅವನದು. ಬರೀ ಕೊಂಡಿಯಾದರೆ ಸಾಲದು. ಭಾರವೆಲ್ಲ ಪಿಕಪ್‌ನ ಹಿಂಗಾಲಿನ ಮೇಲೆ ಕೂರದಂತೆ, ಎರಡು ಉಕ್ಕಿನ ಪಟ್ಟಿಗಳಿಂದ ಮುಂದಿನ ಚಕ್ರಗಳಿಗೂ ಹಂಚುವಂಥದು ಬೇಕು.

ಡ್ವೇನ್ ಮೂರು ತಿಂಗಳು ಹಿಚ್ ಅಧ್ಯಯನ ಮಾಡಿದ. ಊಟದ ಮೇಜಿನ ತುಂಬ ಕ್ಯಾಟಲಾಗು. ಅರ್ಲೀನ್ ಮೂರು ತಿಂಗಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡಳು.

“ಹಿಚ್ ಆರಿಸೋದು ಅಂದ್ರೆ ಹುರುಳಿಕಾಯಿ ಆರಿಸಿದ ಹಾಗಲ್ಲ ಕಣೆ,” ಎಂದ.

ಇಪ್ಪತ್ತಾರು ವರ್ಷ ಮುನ್ನೂರು ಮಕ್ಕಳಿಗೆ ಹುರುಳಿಕಾಯಿ ಆರಿಸಿದವಳು ಹಲ್ಲು ಕಚ್ಚಿಕೊಂಡಳು. ಜಗಳವಾಡಿ ಪ್ರಯಾಣ ತಪ್ಪಿಸಿಕೊಳ್ಳುವಂತಿರಲಿಲ್ಲ. ಬ್ಲ್ಯಾಕ್ ಹಿಲ್ಸ್ ಕಾಡಿನ ಕೆರೆಯ ದಡದಲ್ಲಿ ಬಿಡಾರದ ಜಾಗವನ್ನು ಜನವರಿಯಲ್ಲೇ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಂಪ್ಯೂಟರ್ ಮುಂದೆ ಕೂತು, ಕಾದಿರಿಸಿದವಳು ಅವಳೇ. ಆರು ವರ್ಷದಿಂದ ಮುಖ ಕಾಣದ ತಂಗಿ ಲಿಯೋಟಾ ಮೊಂಟಾನಾದಿಂದ ಅಲ್ಲಿಗೆ ಬರುವವಳಿದ್ದಳು. ಶನಿವಾರ ತಲುಪದಿದ್ದರೆ ಜಾಗ ಬೇರೆಯವರ ಪಾಲು.

ಮಂಗಳವಾರ ಹಿಚ್ ಬಂತು. ಬುಧವಾರ ಜೋಡಿಸಿ ಊರು ಸುತ್ತಿದರು. ಪಿಕಪ್‌ನ ಹಿಂಭಾಗ ಕುಸಿದು, ಮೂತಿ ಮೇಜಿನ ಮೇಲಿನ ಮಾಂಸ ನೋಡುವ ನಾಯಿಯ ಹಾಗೆ ಮೇಲೆದ್ದಿತು. ಸ್ಟಿಯರಿಂಗ್ ತಿರುಗಿಸಿದರೆ ಗಾಡಿ ಯೋಚಿಸಿ ತಿರುಗುತ್ತಿತ್ತು.

“ನಿನ್ನ ಕಬ್ಬಿಣದ ಬಾಣಲೆ,” ಎಂದ ಡ್ವೇನ್.

ಬಾಣಲೆ ಇಳಿದವು. ಗುರುವಾರ ಮತ್ತೆ ಅದೇ ಮೂತಿ. “ಉಪ್ಪಿನಕಾಯಿ ಜಾಡಿ,” ಎಂದ. ಲಿಯೋಟಾಳಿಗೆಂದೇ ಹಾಕಿದ್ದ ಬೀಟ್ರೂಟ್ ಉಪ್ಪಿನಕಾಯಿಯೂ ಇಳಿಯಿತು. ಅರ್ಲೀನ್‌ಗೆ ಪಿತ್ತ ನೆತ್ತಿಗೇರಿತು.

“ಯಾವ ತೂಕ ನೋಡಿ ಆರಿಸಿದೆ ಮಾರಾಯ?”

“ಕಂಪನಿ ಪುಸ್ತಕದಲ್ಲಿ ಬರೆದಿದ್ದು.”

“ಖಾಲಿದಾ, ತುಂಬಿದ್ದಾ?”

“ಟ್ರೇಲರ್‌ದು.”

“ನೀರಿಲ್ದೆ, ಗ್ಯಾಸಿಲ್ದೆ, ತಟ್ಟೆ ಲೋಟ ಇಲ್ದೆ? ಅದರಲ್ಲಿ ವಾಸ ಮಾಡೋದು ಯಾರು, ಪುಸ್ತಕದಲ್ಲಿರೋ ಫೋಟೋದವರಾ?”

ಶುಕ್ರವಾರ ಬೆಳಿಗ್ಗೆ ಅವಳೇ ಹಟ ಹಿಡಿದು, ಟ್ರೇಲರನ್ನು ಆಮೆಯಂತೆ ಎಳೆಸಿಕೊಂಡು, ರೈತರ ಸಹಕಾರ ಸಂಘದಲ್ಲಿ ಜೋಳದ ಲಾರಿ ತೂಗುವ ಕಾಟಾಗೆ ಹೋದಳು. ಪಿಕಪ್ ಬಿಡಿಸಿ, ಹಿಚ್ ಮೇಲೆ ಬೀಳುವ ಭಾರವೆಷ್ಟೆಂದು ನೋಡಲು, ಟ್ರೇಲರ್‌ನ ಮೂತಿಗೆ ಆಸರೆಯಾದ ಮುಂಗಾಲನ್ನಷ್ಟೇ ಕಾಟಾದ ಮೇಲಿಟ್ಟರು. ಕಿಟಕಿಯಾಚೆ ಕೂತಿದ್ದ ಟ್ವೈಲಾ ಓದಿದಳು: ಸಾವಿರದ ಅರವತ್ತು ಪೌಂಡು. ಡ್ವೇನ್ ತಂದ ಹಿಚ್ ತಾಳುವುದು ಆರುನೂರು.

“ಮುಂದಿನ ಗೂಡಲ್ಲಿ ಏನಿಟ್ಟಿದ್ದೀಯಪ್ಪ ಡ್ವೇನ್?” ಎಂದಳು ಟ್ವೈಲಾ.

ಅರ್ಲೀನ್ ಟ್ರೇಲರ್‌ನ ಮುಂಭಾಗದ ಆ ಗೂಡಿನ ಬಾಗಿಲು ತೆಗೆದಳು. ಜನರೇಟರು, ಸ್ಪ್ಯಾನರು ಸುತ್ತಿಗೆ ತುಂಬಿದ ಎರಡು ಪೆಟ್ಟಿಗೆ, ಎಸೆದಾಡುವ ಆಟಕ್ಕೆಂದು ಎಂಟು ಕುದುರೆ ಲಾಳ. ಅದರ ಕೆಳಗೆ, ನೀಟಾಗಿ ಪೇರಿಸಿದ ಓಕ್ ಕಟ್ಟಿಗೆ.

“ಕಟ್ಟಿಗೆ,” ಎಂದಳು ಅರ್ಲೀನ್. “ನಾವು ಹೋಗ್ತಿರೋದು ಕಾಡಿಗೆ.”

ಕಾಟಾ ಬಳಿ ಸರದಿ ಕಾಯುತ್ತಿದ್ದ ರೈತರು ಟೊಪ್ಪಿ ಸರಿಮಾಡಿಕೊಂಡು ಆಕಾಶ ನೋಡಿದರು. ಡ್ವೇನ್ ಮಾತ್ರ ನಿರಾಳವಾಗಿ ಕಂಕುಳಿನಿಂದ ಕ್ಯಾಟಲಾಗು ತೆಗೆದ. “ಇದನ್ನ ಇನ್ನೊಂದೆರಡು ವಾರ ಕೂತು ಓದ್ಬೇಕು.”

ಎರಡು ವಾರ. ಅರ್ಲೀನ್‌ಗೆ ಕಿವಿಯೊಳಗೆ ಕುಕ್ಕರ್ ಕೂಗಿದಂತಾಯಿತು.

“ಕೊಡು ಇಲ್ಲಿ, ನಾನೇ ನೋಡ್ಕೋತೀನಿ.”

ಟ್ವೈಲಾ ಕಣ್ಣು ಮುಚ್ಚಿಕೊಂಡಳು. ಅವಳೂ ಮದುವೆಯಾದವಳೇ.

ಮಹಾಶಾಸ್ತ್ರವೆಂಬುದು ಮಧ್ಯಾಹ್ನದೊಳಗೆ ಮುಗಿಯಿತು. ಮೊದಲು ತೂಗು, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ತಗೋ, ಅಷ್ಟೇ. ಊರಿನ ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಾವಿರದ ಇನ್ನೂರು ಪೌಂಡು ತಾಳುವ ಉಕ್ಕಿನ ಪಟ್ಟಿಯೇ ಇತ್ತು. ಬಟ್ಟೆ ಹೊಲಿಯುವ ಟೇಪಿನಿಂದ ಪಿಕಪ್‌ನ ಮುಂದಿನ ಮಡ್‌ಗಾರ್ಡ್ ಅಂಚಿನ ಎತ್ತರವನ್ನು ಹಿಚ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಅಳೆದಳು. ಮೂತಿ ತಗ್ಗಿತು. ಕಟ್ಟಿಗೆ ಮನೆಯಲ್ಲುಳಿಯಿತು. ಬೀಟ್ರೂಟ್ ಮತ್ತೆ ಗಾಡಿ ಹತ್ತಿತು.

ಶನಿವಾರ ಸಂಜೆ ನಾಲ್ಕಕ್ಕೆ ಕೆರೆ ದಡದಲ್ಲಿ ಲಿಯೋಟಾ ಕೈಬೀಸುತ್ತ ನಿಂತಿದ್ದಳು. ಆದರೆ ಅಪ್ಪಿಕೊಳ್ಳುವ ಮೊದಲು ಪಟ್ಟಿ ಬಿಚ್ಚಬೇಕಿತ್ತು. ಅರ್ಲೀನ್ ಜಲ್ಲಿಯ ಮೇಲೆ ಮಂಡಿಯೂರಿ, ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಪಟ್ಟಿಗಳನ್ನು ಬಿಗಿದ ಸರಪಳಿ ಸಡಿಲಿಸುತ್ತಿದ್ದಾಗ, ಡ್ವೇನ್ ಮಡಚುವ ಕುರ್ಚಿ ಬಿಡಿಸಿ ಕೂತು ಬಿಯರ್ ತೆರೆದ. ಪಕ್ಕದ ಬಿಡಾರದ ಗಂಡಸು ಕ್ಯಾಟಲಾಗು ಹಿಡಿದು ಬಂದ. ಅವನ ಪಿಕಪ್‌ನ ಮೂತಿಯೂ ಆಕಾಶ ನೋಡುತ್ತಿತ್ತು. ಹಿಂದೆ ಅವನ ಹೆಂಡತಿ ತುಟಿ ಬಿಗಿದುಕೊಂಡು ನಿಂತಿದ್ದಳು.

“ಹಿಚ್ಚಾ?” ಎಂದ ಡ್ವೇನ್, ಹೆಮ್ಮೆಯಿಂದ. “ಅದೆಲ್ಲ ನಮ್ಮ ಅರ್ಲೀನ್‌ದು. ನಾನು ತಲೆ ಹಾಕಲ್ಲ. ನೋಡ್ತಾಳೆ ಬಿಡಿ.”

“ಅಕ್ಕಾ, ಮೊದ್ಲು ಎದ್ದು ಬಾರೇ,” ಎಂದಳು ಲಿಯೋಟಾ.

ಅರ್ಲೀನ್ ಎದ್ದಳು. ಮೂವತ್ತೆಂಟು ವರ್ಷ ಕೂಡಿಟ್ಟ ಮಾತೆಲ್ಲ ಗಂಟಲಲ್ಲಿ ಸಾಲುಗಟ್ಟಿ ನಿಂತಿತ್ತು. ಕಣ್ಣು ಮಾತ್ರ ಪಕ್ಕದವನ ಹಿಚ್ ಮೇಲೆ ಬಿತ್ತು. ಸರಪಳಿ ಮೂರು ಕೊಂಡಿಯಷ್ಟು ಸಡಿಲ. ಪುಣ್ಯಾತ್ಮ ಇಷ್ಟು ದೂರ ಬದುಕಿ ಬಂದದ್ದೇ ಹೆಚ್ಚು.

“ಸರೀರಿ ಅತ್ಲಾಗೆ,” ಎಂದಿತು ಅವಳ ಬಾಯಿ. “ನಾನೇ ನೋಡ್ಕೋತೀನಿ.”

ಅವಳು ಸ್ಪ್ಯಾನರ್ ಹಿಡಿದು ಹೊರಟಾಗ, ದಾರಿಗೆ ಅಡ್ಡಿಯಾಗಬಾರದೆಂದು ಡ್ವೇನ್ ಕುರ್ಚಿಯಲ್ಲೇ ಎರಡೂ ಕಾಲು ಎತ್ತಿಕೊಂಡ.